ದ್ವೀಪವಾಸ ಮತ್ತು ದಿನಗಳ ಲೆಕ್ಕ

ಕಾರ್ಖಾನೆಯ ಹೊಣೆಯನ್ನು ಮಗನಿಗೆ ವಹಿಸಿ ಥಾಯ್ಲೆಂಡಿನ ಕೊ ಸಮುಯಿ ದ್ವೀಪದಲ್ಲಿ ಆರು ತಿಂಗಳು ಕಳೆಯುವ ಇರಾದೆ ಕೆಲವು ವರ್ತಕ ಮಿತ್ರರಿಗಿದೆ. ಕಡಲು, ತೆಂಗಿನ ತೋಪು, ವಿಶ್ರಾಂತಿ ಎಲ್ಲವೂ ಸರಿಯೇ. ಆದರೆ ವೀಸಾ ವಿಚಾರಿಸುವವರು ತೆರಿಗೆಯನ್ನು ವಿಚಾರಿಸುವುದು ಅಪರೂಪ.

ಥಾಯ್ಲೆಂಡಿನ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್‌ವರೆಗೆ. ಆ ಅವಧಿಯಲ್ಲಿ ಒಟ್ಟು 180 ದಿನ ಅಥವಾ ಹೆಚ್ಚು ಅಲ್ಲಿದ್ದವರು, ವಿದೇಶೀಯರಾದರೂ, ತೆರಿಗೆಯ ದೃಷ್ಟಿಯಲ್ಲಿ ಆ ದೇಶದ ನಿವಾಸಿಗಳು. ನಡುವೆ ಊರಿಗೆ ಬಂದುಹೋದರೂ ಅಲ್ಲಿನ ದಿನಗಳು ಕೂಡುತ್ತಲೇ ಇರುತ್ತವೆ. ಮೇ 1ರಿಂದ ಅಕ್ಟೋಬರ್ 31ರವರೆಗೆ ತಂಗಿದರೆ 184 ದಿನ. ಐದು ದಿನ ಮೊದಲೇ ಹೊರಟರೆ ಈ ಪ್ರಶ್ನೆಯೇ ಏಳದು.

ತೊಡಕಿರುವುದು ಖರ್ಚಿಗೆಂದು ಇಲ್ಲಿಂದ ತರಿಸಿಕೊಳ್ಳುವ ಹಣದಲ್ಲಿ. ನಿವಾಸಿಯಾಗಿದ್ದ ವರ್ಷದ ಬಾಡಿಗೆ, ಬಡ್ಡಿ ಮುಂತಾದ ವಿದೇಶಿ ಆದಾಯವನ್ನು ಅದೇ ವರ್ಷ ತರಿಸಿಕೊಳ್ಳದೆ ಮುಂದಿನ ವರ್ಷ ತರಿಸಿಕೊಂಡರೆ ಹಿಂದೆ ಥಾಯ್ಲೆಂಡಿನಲ್ಲಿ ತೆರಿಗೆ ಇರಲಿಲ್ಲ. 2024ರ ಜನವರಿ 1ರಿಂದ ಆ ಅನುಕೂಲವನ್ನು ತೆಗೆಯಲಾಯಿತು. 2023ರ ಅಂತ್ಯದೊಳಗಿನ ಗಳಿಕೆಗೆ ಇದು ಅನ್ವಯಿಸದು. ಆದುದರಿಂದ ಹಳೆಯ ಉಳಿತಾಯವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಅದರಿಂದಲೇ ಹಣ ಕಳುಹಿಸಿ, ದಾಖಲೆಗಳನ್ನು ಕಾಪಾಡುವುದು ಲೇಸು.

ಇತ್ತ ಭಾರತದ ನಿವಾಸಿತನವೂ ಅಷ್ಟು ಸುಲಭವಾಗಿ ಕಳಚುವುದಿಲ್ಲ. ಹಿಂದಿನ 4 ವರ್ಷಗಳಲ್ಲಿ 365 ದಿನ ಇಲ್ಲಿದ್ದು, ಈ ಆರ್ಥಿಕ ವರ್ಷದಲ್ಲಿ 60 ದಿನವಿದ್ದರೂ ಸಾಕು, ವಿಹಾರಕ್ಕೆ ಹೋದ ವರ್ತಕರು ಇಲ್ಲಿಯ ನಿವಾಸಿಗಳೇ. ಎರಡೂ ದೇಶಗಳು ಹಕ್ಕು ಹೂಡಿದಾಗ ದ್ವಿತೆರಿಗೆ ತಡೆ ಒಪ್ಪಂದದನ್ವಯ ಮೊದಲು ಖಾಯಂ ಮನೆಯನ್ನೂ, ಬಳಿಕ ಕುಟುಂಬ ಹಾಗೂ ವ್ಯವಹಾರದ ನೆಲೆಯನ್ನೂ ನೋಡಲಾಗುತ್ತದೆ. ದ್ವೀಪದಲ್ಲಿ ಬ್ಯಾಂಕ್ ಖಾತೆ ತೆರೆದಿದ್ದರೆ, ಮನೆಬಾಡಿಗೆ ಕೊಡಲೆಂದು ತೆರೆದ ಸಣ್ಣ ಖಾತೆಯಾದರೂ, ಇಲ್ಲಿಯ ರಿಟರ್ನ್‌ನಲ್ಲಿ ಅದನ್ನು ಕಾಣಿಸಲೇಬೇಕು.