ಆಕರದಿಂದ ಕಾರ್ಯಾಚರಣ ವ್ಯವಸ್ಥೆಯ ನಿರ್ಮಾಣ: ವೈಫಲ್ಯಗಳ ಮೂಲಶೋಧ

ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆಯ ಘಟಕಗಳಲ್ಲಿ ಬೇಯಿಸಿದ ಗೂಡಿನ ಹೊರಪದರದ ಸಿಕ್ಕನ್ನು ತೆಗೆದ ಬಳಿಕವೇ ಎಳೆಯ ನಿಜವಾದ ತುದಿ ದೊರೆಯುತ್ತದೆ. ಆಕರ ಸಂಕೇತದಿಂದ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟುವಾಗ ಎದುರಾಗುವ ವೈಫಲ್ಯಗಳ ಶೋಧಕ್ಕೂ ಈ ಮಾತು ಅನ್ವಯಿಸುತ್ತದೆ. ಪರದೆಯ ಮೇಲೆ ಕಟ್ಟಕಡೆಗೆ ಮೂಡುವ ದೋಷಸಂದೇಶವು ಬಹುಮಟ್ಟಿಗೆ ಹೊರಪದರದ ಸಿಕ್ಕು. ಮೂಲಕಾರಣ ಅದಕ್ಕೂ ಹಿಂದೆ ಇರುತ್ತದೆ.

1983ರಲ್ಲಿ ಘೋಷಿತವಾದ ಗ್ನೂ ಯೋಜನೆ ಹಾಗೂ 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಪ್ರಕಟಿಸಿದ ಲಿನಕ್ಸ್ ಕರ್ನಲ್ ಆಕರ ಸಂಕೇತವನ್ನು ಸರ್ವರಿಗೂ ಲಭ್ಯವಾಗಿಸಿದವು. 1999ರಲ್ಲಿ ಗೆರಾರ್ಡ್ ಬೀಕ್‌ಮನ್ಸ್ ಆರಂಭಿಸಿದ ‘ಲಿನಕ್ಸ್ ಫ್ರಮ್ ಸ್ಕ್ರ್ಯಾಚ್’ ಎಂಬ ಕೈಪಿಡಿಯು ಇಡೀ ವ್ಯವಸ್ಥೆಯನ್ನು ಹಂತಹಂತವಾಗಿ ಕಟ್ಟುವ ಕ್ರಮವನ್ನು ನಿರೂಪಿಸಿತು. ಆದರೆ ಕಟ್ಟಲಾಗದ ಆಕರದ ಮೇಲಿನ ಹಕ್ಕು ಹೆಸರಿಗಷ್ಟೇ ಹಕ್ಕು ಎಂಬುದನ್ನು ಮರೆಯಲಾಗದು.

ಶೋಧದ ಮೊದಲ ಹೆಜ್ಜೆ, ಸಂಪೂರ್ಣ ದಾಖಲೆಯನ್ನು ಕಡತದಲ್ಲಿ ಉಳಿಸಿಕೊಂಡು ಮೊದಲನೆಯ ದೋಷವನ್ನು ಗುರುತಿಸುವುದು. ಹಲವು ಕೆಲಸಗಳು ಏಕಕಾಲಕ್ಕೆ ನಡೆಯುತ್ತಿದ್ದರೆ ಸಂದೇಶಗಳು ಬೆರೆತುಹೋಗುತ್ತವೆ. ಆಗ ಒಂದೊಂದೇ ಕೆಲಸವಾಗಿ ಪುನಃ ನಡೆಸಬೇಕು. ದೋಷವು ಪ್ರತಿಬಾರಿಯೂ ಒಂದೇ ಸ್ಥಳದಲ್ಲಿ ಕಂಡುಬಂದರೆ ಆಕರವನ್ನೋ ಉಪಕರಣಗಳನ್ನೋ ಶಂಕಿಸಬೇಕು. ಪ್ರತಿಬಾರಿಯೂ ಬೇರೆ ಬೇರೆ ಸ್ಥಳಗಳಲ್ಲಿ ಕಂಡುಬಂದರೆ ಸ್ಮೃತಿಫಲಕ, ಅತಿಯಾದ ಶಾಖ ಅಥವಾ ವಿದ್ಯುತ್ತಿನ ಏರಿಳಿತವನ್ನು ಪರೀಕ್ಷಿಸುವುದು ಯುಕ್ತ. ಸ್ಮೃತಿ ಸಾಲದಾದಾಗ ಕರ್ನಲ್ಲೇ ಕಂಪೈಲರನ್ನು ನಿಲ್ಲಿಸಿಬಿಡುವುದುಂಟು. ಗಡಿಯಾರದ ಬ್ಯಾಟರಿ ಕ್ಷೀಣಿಸಿ ದಿನಾಂಕ ಹಿಂದೆ ಸರಿದಿದ್ದರೆ, ಯಾವ ಕಡತ ಹೊಸದು, ಯಾವುದು ಹಳೆಯದು ಎಂಬ ‘ಮೇಕ್’ ಉಪಕರಣದ ನಿರ್ಣಯವೇ ತಪ್ಪಾಗುತ್ತದೆ.

ಆಕರ ನಿರ್ದುಷ್ಟವಾಗಿದ್ದರೂ ಉಪಕರಣಗಳ ಬದಲಾವಣೆಯಿಂದ ನಿರ್ಮಾಣ ಮುರಿಯಬಹುದು. 2020ರಲ್ಲಿ ಬಿಡುಗಡೆಯಾದ ಜಿಸಿಸಿ 10ನೆಯ ಆವೃತ್ತಿಯು, ಒಂದೇ ಹೆಸರಿನ ಚರಾಂಶವನ್ನು ಹಲವು ಕಡತಗಳು ಹಂಚಿಕೊಳ್ಳಲು ಪೂರ್ವನಿಯೋಜಿತವಾಗಿ ನೀಡುತ್ತಿದ್ದ ಅವಕಾಶವನ್ನು ಹಿಂತೆಗೆದುಕೊಂಡಿತು. ಅದುವರೆಗೆ ಸರಾಗವಾಗಿ ಸಿದ್ಧಗೊಳ್ಳುತ್ತಿದ್ದ ಹಲವು ಹಳೆಯ ಕರ್ನಲ್‌ಗಳು ಒಂದಕ್ಷರವೂ ಬದಲಾಗದಿದ್ದರೂ ‘ಬಹುವ್ಯಾಖ್ಯಾನ’ದ ದೋಷದೊಡನೆ ನಿಂತುಹೋದವು.

ಯಾವ ದೋಷವನ್ನೂ ತೋರದ ವೈಫಲ್ಯ ಇನ್ನೂ ಸೂಕ್ಷ್ಮವಾದುದು. ಗ್ನೂ ಸಿ ಗ್ರಂಥಾಲಯದಲ್ಲಿ ‘ಕೆಎನ್-ಐಎನ್’ ಎಂಬ ಕನ್ನಡದ ಲೊಕೇಲ್ ವಿವರಣೆ ಇದೆ. ಆದರೆ ಅದನ್ನು ಪ್ರತ್ಯೇಕವಾಗಿ ರಚಿಸಿಕೊಳ್ಳಬೇಕು. ಆ ಹಂತ ತಪ್ಪಿದರೆ ನಿರ್ಮಾಣವೇನೋ ಯಶಸ್ವಿಯಾಗುತ್ತದೆ; ಕನ್ನಡದ ಸಂದೇಶಗಳೂ ತಿಂಗಳುಗಳ ಹೆಸರುಗಳೂ ಮಾತ್ರ ಕಾಣಿಸುವುದಿಲ್ಲ. ಕನ್ನಡ ಹೆಸರಿನ ಕಡತಗಳ ಪಟ್ಟಿಯಲ್ಲಿ ಅಕ್ಷರಗಳ ಬದಲು ಪ್ರಶ್ನಾರ್ಥಕ ಚಿಹ್ನೆಗಳೋ ಅಂಕಿಗಳೋ ತೋರುತ್ತವೆ. ನಿರ್ಮಾಣ ಮುಗಿದ ಮಾತ್ರಕ್ಕೆ ಪರೀಕ್ಷೆ ಮುಗಿಯಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮೇಲಿನ ವಿವೇಚನೆಯು ಗ್ರಂಥಾಲಯಗಳಿಗೂ ಸಂಬಂಧಿಸಿದೆ. ತಂತ್ರಾಂಶದ ಆಕರವನ್ನಷ್ಟೇ ಸಂಗ್ರಹಿಸಿಟ್ಟರೆ ಕೆಲವೇ ವರ್ಷಗಳಲ್ಲಿ ಅದು ಓದಬಹುದಾದ, ಆದರೆ ನಡೆಸಲಾಗದ ಪಠ್ಯವಾಗಿ ಉಳಿಯುವ ಅಪಾಯವಿದೆ. ಕಂಪೈಲರ್ ಮತ್ತಿತರ ಉಪಕರಣಗಳ ಪ್ರತಿಗಳು, ಅವುಗಳ ಆವೃತ್ತಿಗಳ ಪಟ್ಟಿ, ಬಳಸಿದ ಆಯ್ಕೆಗಳು, ಯಶಸ್ವೀ ನಿರ್ಮಾಣವೊಂದರ ಪೂರ್ಣ ದಾಖಲೆ—ಇವನ್ನೂ ಆಕರದ ಅಂಗವೆಂದೇ ಭಾವಿಸಿ ಸಂರಕ್ಷಿಸಬೇಕಾಗಿದೆ. ಮುಂದಿನ ಸಂಶೋಧಕನಿಗೆ ಎಳೆಯ ತುದಿ ದೊರೆಯುವುದು ಈ ದಾಖಲೆಗಳಿಂದಲೇ.