ಒಂದೇ ಕಾಲು ಊದಿದ್ಯಾ? ಲಿಂಫ್ ಮಸಾಜ್ ಬುಕ್ ಮಾಡೋದನ್ನ ಸ್ವಲ್ಪ ತಡೀರಿ

ರೀಲ್ಸ್ ನೋಡ್ತಾ ಹೋದರೆ ದಿನಕ್ಕೊಂದಾದರೂ ಸಿಗುತ್ತೆ. ಬೆಳಗ್ಗೆ ಊದಿಕೊಂಡ ಮುಖ, ಕೈಯಲ್ಲೊಂದು ನುಣುಪು ಕಲ್ಲು, ಐದು ನಿಮಿಷ ಕೆನ್ನೆಯಿಂದ ಕತ್ತಿನ ಕಡೆಗೆ ಸವರಿದರೆ ಸಾಕು, ದವಡೆ ಚೂಪಾಗಿ ಕಾಣುತ್ತೆ. ಕೆಳಗೆ 'ಲಿಂಫ್ಯಾಟಿಕ್ ಡ್ರೈನೇಜ್' ಅಂತ ಬರೆದಿರುತ್ತಾರೆ. ಈಗ ಇದು ಸ್ಪಾ ಮೆನುಗಳಲ್ಲೂ ಇದೆ, ಮನೆಗೇ ಬಂದು ಮಾಡಿಕೊಡುವವರೂ ಇದ್ದಾರೆ. ಆರೋಗ್ಯವಾಗಿರುವವರಿಗೆ ಹಗುರವಾಗಿ ಮಾಡಿದರೆ ಇದರಿಂದ ದೊಡ್ಡ ತೊಂದರೆ ಏನಿಲ್ಲ. ಆದರೆ ಊತ ಇಳಿಸೋಕೇ ಅಂತ ಹೋಗ್ತಿದ್ದೀರಾ ಅಂದರೆ, ಆ ಊತ ಯಾಕೆ ಬಂತು ಅನ್ನೋದು ಮೊದಲು ಗೊತ್ತಿರಬೇಕು.

ರಕ್ತನಾಳಗಳಿಂದ ಹೊರಗೆ ಜಿನುಗುವ ನೀರಿನಂಶವನ್ನು ಮತ್ತೆ ರಕ್ತಕ್ಕೆ ಸೇರಿಸೋದು ದುಗ್ಧನಾಳಗಳ ಕೆಲಸ. ಆ ದ್ರವವೇ ಲಿಂಫ್. ಅದನ್ನು ತಳ್ಳೋಕೆ ಹೃದಯದಂಥ ಪಂಪ್ ಇಲ್ಲ. ನಾಳಗಳೇ ಸ್ವಲ್ಪ ಸ್ವಲ್ಪ ಸಂಕುಚಿಸಿ ಮುಂದೆ ತಳ್ಳುತ್ತವೆ, ಉಳಿದದ್ದು ನಮ್ಮ ನಡಿಗೆ ಮತ್ತು ಉಸಿರಾಟದಿಂದ ಆಗುತ್ತೆ. 1930ರ ದಶಕದಲ್ಲಿ ಡೆನ್ಮಾರ್ಕ್‌ನ ಎಮಿಲ್ ವೊಡ್ಡರ್ ಮತ್ತು ಅವರ ಪತ್ನಿ ಎಸ್ಟ್ರಿಡ್ ರೂಪಿಸಿದ ಈ ಮಸಾಜ್‌ನಲ್ಲಿ ಚರ್ಮವನ್ನಷ್ಟೇ ಮೆಲ್ಲಗೆ ಎಳೆದು ಬಿಡುತ್ತಾರೆ. ನೋವಾಗುವಷ್ಟು ಒತ್ತುತ್ತಿದ್ದರೆ ಅದು ಲಿಂಫ್ ಮಸಾಜೇ ಅಲ್ಲ. ಇದರ ನಿಜವಾದ ಉಪಯೋಗ ಇರೋದು, ಸ್ತನ ಕ್ಯಾನ್ಸರ್ ಆಪರೇಷನ್‌ನಲ್ಲಿ ಕಂಕುಳಿನ ಗ್ರಂಥಿ ತೆಗೆದ ಮೇಲೆ ಕೈ ಊದಿಕೊಳ್ಳುವಂಥವರಿಗೆ. ಅಲ್ಲೂ ಬ್ಯಾಂಡೇಜ್, ವ್ಯಾಯಾಮ, ಚರ್ಮದ ಆರೈಕೆ ಜೊತೆಗಿರುತ್ತೆ. 'ಟಾಕ್ಸಿನ್ ಹೊರಹಾಕುತ್ತೆ' ಅನ್ನೋದೆಲ್ಲ ಜಾಹೀರಾತಿನ ಮಾತು. ಆ ಕೆಲಸಕ್ಕೆ ಲಿವರ್, ಕಿಡ್ನಿ ಇವೆ.

ಈಗ ಅಪಾಯದ ವಿಷಯ. ಎಲ್ಲಕ್ಕಿಂತ ಮೊದಲು ತಲೆಗೆ ಬರಬೇಕಾದದ್ದು ರಕ್ತ ಹೆಪ್ಪುಗಟ್ಟುವಿಕೆ, ಡಾಕ್ಟರ್‌ಗಳು ಡಿವಿಟಿ ಅನ್ನೋದು. ಕಾಲಿನ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಸಾಮಾನ್ಯವಾಗಿ ಒಂದೇ ಕಾಲು ಊದುತ್ತೆ. ಮೀನಖಂಡ ನೋಯುತ್ತೆ, ಮುಟ್ಟಿದರೆ ಬಿಸಿ ಅನಿಸಬಹುದು, ಬಣ್ಣವೂ ಬದಲಾಗಬಹುದು. ನೋಡಿದವರಿಗೆ ಇದು ಬರೀ ಸ್ನಾಯು ಹಿಡಿತದ ಥರಾನೇ ಕಾಣುತ್ತೆ, ಎಡವೋದು ಅಲ್ಲೇ. ತಿಕ್ಕಿದಾಗ ಆ ಹೆಪ್ಪಿನ ಚೂರು ಕಳಚಿ ಶ್ವಾಸಕೋಶಕ್ಕೆ ಹೋಗಿ ಕೂತರೆ ಜೀವಕ್ಕೇ ಅಪಾಯ. ದಿಢೀರ್ ಏದುಸಿರು, ಎದೆನೋವು, ಕೆಮ್ಮಿದರೆ ರಕ್ತ ಬಂದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ.

ಇದು ವಯಸ್ಸಾದವರ ಕಾಯಿಲೆ ಅಂದುಕೊಳ್ಳಬೇಡಿ. ಗಂಟೆಗಟ್ಟಲೆ ಕೂತು ವಿಮಾನ ಪ್ರಯಾಣ ಮಾಡಿದವರು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು, ಇತ್ತೀಚೆಗೆ ಆಪರೇಷನ್ ಆದವರು, ಕೆಲವು ಬಗೆಯ ಗರ್ಭನಿರೋಧಕ ಮಾತ್ರೆ ತಗೊಳ್ಳುವವರು, ಎಲ್ಲರಿಗೂ ಸಾಧ್ಯತೆ ಹೆಚ್ಚು. ಬಾಣಂತಿಯರ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಹೆರಿಗೆಯಾದ ಮೊದಲ ಆರು ವಾರ, ಅದರಲ್ಲೂ ಸಿಸೇರಿಯನ್ ಆಗಿದ್ದರೆ, ಹೆಪ್ಪುಗಟ್ಟುವ ಸಂಭವ ಜಾಸ್ತಿ. ನಮ್ಮಲ್ಲಿ ಎಣ್ಣೆ ತಿಕ್ಕಿಸಿಕೊಳ್ಳೋದೂ ಸರಿಯಾಗಿ ಅದೇ ಸಮಯದಲ್ಲಿ! 'ಬಾಣಂತನದಲ್ಲಿ ಕಾಲು ಊದೋದು ಇದ್ದದ್ದೇ, ಚೆನ್ನಾಗಿ ಎಣ್ಣೆ ಹಾಕಿ ತಿಕ್ಕಿದರೆ ಇಳಿಯುತ್ತೆ ಬಿಡು' ಅಂತ ಅಜ್ಜಿ ಅಂದರೆ ಜಗಳ ಆಡಬೇಕಿಲ್ಲ. ಎರಡೂ ಮೀನಖಂಡಗಳನ್ನು ಟೇಪ್‌ನಲ್ಲಿ ಅಳೆದು ನೋಡಿ. ಒಂದು ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ದಪ್ಪ ಇದ್ದರೆ, ಅಥವಾ ಅಳತೆ ಹೇಗಿದ್ದರೂ ನೋವಿದ್ದರೆ, ಅವತ್ತೇ ಡಾಕ್ಟರ್‌ಗೆ ತೋರಿಸಿ. ಡಾಪ್ಲರ್ ಸ್ಕ್ಯಾನ್‌ನಲ್ಲಿ ವಿಷಯ ಗೊತ್ತಾಗುತ್ತೆ. ಅಲ್ಲಿಯವರೆಗೆ ಆ ಕಾಲಿಗೆ ಯಾರೂ ಕೈ ಹಾಕೋದು ಬೇಡ.

ಎರಡನೇದು ಸೋಂಕು. ಚರ್ಮ ಕೆಂಪಾಗಿ, ಬಿಸಿಯಾಗಿ, ಜೊತೆಗೆ ಚಳಿಜ್ವರ ಬಂದಿದ್ದರೆ ಮಸಾಜ್ ಮಾಡುವಂತಿಲ್ಲ. ಆಗ ಬೇಕಿರೋದು ಔಷಧಿ. ಕರಾವಳಿಯ ಕಡೆ, ಕಲಬುರಗಿ, ಬೀದರ್ ಕಡೆ ಆನೆಕಾಲು ರೋಗ ಹಿಂದಿನಿಂದಲೂ ಇದೆ. ಸೊಳ್ಳೆಯಿಂದ ಹರಡುವ ಹುಳುಗಳು ದುಗ್ಧನಾಳಗಳನ್ನೇ ಹಾಳು ಮಾಡುತ್ತವೆ. ಊರಲ್ಲಿರುವ ತಾತನ ಕಾಲಿಗೆ ರೀಲ್ಸ್ ನೋಡಿ ಮಸಾಜ್ ಶುರು ಮಾಡುವ ಮುಂಚೆ, ದಿನಾ ಸೋಪು ನೀರಿನಲ್ಲಿ ಕಾಲು ತೊಳೆದು, ಬೆರಳ ಸಂದಿ ಚೆನ್ನಾಗಿ ಒರೆಸಿ, ಗಾಯ ಆಗದಂತೆ ನೋಡಿಕೊಳ್ಳಿ. ಪದೇ ಪದೇ ಬರುವ ಜ್ವರ ಕಡಿಮೆಯಾಗೋಕೆ ಅದೇ ಹೆಚ್ಚು ನೆರವಾಗುತ್ತೆ.

ಎರಡೂ ಪಾದ ಊದಿ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತೆ ಅನ್ನೋರಿಗೆ ಹೃದಯದ ತೊಂದರೆ ಇರಬಹುದು. ಮೊದಲೇ ಸುಸ್ತಾದ ಹೃದಯಕ್ಕೆ ಕಾಲಿನ ನೀರನ್ನೆಲ್ಲ ತಳ್ಳಿದರೆ ಹೊರೆ ಹೆಚ್ಚುತ್ತೆ. ಬೆಳಗ್ಗೆ ಎದ್ದ ಕೂಡಲೇ ಕಣ್ಣಿನ ಸುತ್ತ ಊತ ದಿನಾ ಕಾಣ್ತಿದ್ದರೆ, ಮೂತ್ರ ನೊರೆನೊರೆಯಾಗಿದ್ದರೆ, ಕಲ್ಲಿನಲ್ಲಿ ಸವರೋದಕ್ಕಿಂತ ಕಿಡ್ನಿ ಟೆಸ್ಟ್ ಮಾಡಿಸೋದು ಮೇಲು.

ಕತ್ತಿನ ಬಗ್ಗೆ ಒಂದು ಮಾತು. ಅಲ್ಲಿ ಮೆದುಳಿಗೆ ರಕ್ತ ಒಯ್ಯುವ ನಾಳಗಳಿವೆ. ಜೋರಾಗಿ ಒತ್ತಿದರೆ ನಾಡಿ ನಿಧಾನವಾಗಿ ತಲೆ ಸುತ್ತಬಹುದು. ವಯಸ್ಸಾದವರು, ಥೈರಾಯ್ಡ್ ಹೆಚ್ಚಾಗಿ ಕೆಲಸ ಮಾಡ್ತಿರೋರು ಕತ್ತಿನ ಮಸಾಜ್ ಬಿಡೋದೇ ಒಳ್ಳೇದು. ಕತ್ತು, ಕಂಕುಳಲ್ಲಿ ಗಂಟು ಸಿಕ್ಕಿದರೆ ಅದನ್ನು 'ಕರಗಿಸೋಕೆ' ಹೋಗಬೇಡಿ. ಎರಡು ಮೂರು ವಾರಕ್ಕೂ ಇಳಿಯದಿದ್ದರೆ ತೋರಿಸಲೇಬೇಕು. ನಮ್ಮ ದೇಶದಲ್ಲಿ ಕತ್ತಿನ ಗಂಟಿಗೆ ಟಿಬಿ ಕೂಡ ಸಾಮಾನ್ಯ ಕಾರಣ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ತಮ್ಮ ಡಾಕ್ಟರ್ ಒಪ್ಪಿದ ಮೇಲೆ, ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಹತ್ತಿರವೇ ಮಾಡಿಸಿಕೊಳ್ಳಬೇಕು. ಬಸುರಿಯರ ಹೊಟ್ಟೆಯ ಮೇಲೆ ಬೇಡವೇ ಬೇಡ.

ಇಷ್ಟೆಲ್ಲ ಆದಮೇಲೂ ಹೋಗುವ ಮನಸ್ಸಿದ್ದರೆ, ಆ ಥೆರಪಿಸ್ಟ್ ನಿಮ್ಮನ್ನು ಏನು ಕೇಳ್ತಾರೆ ಅಂತ ಗಮನಿಸಿ. ಆಪರೇಷನ್ ಆಗಿದೆಯಾ, ಜ್ವರ ಇದೆಯಾ, ಊತ ಯಾವಾಗಿಂದ, ಯಾವ ಮಾತ್ರೆ ತಗೋತೀರಿ ಅಂತ ಏನೂ ಕೇಳದೆ ಸೀದಾ ಟವೆಲ್ ಕೈಗೆ ಕೊಟ್ಟರೆ, ಕಟ್ಟಿದ ಅಡ್ವಾನ್ಸ್ ಹೋದರೂ ಪರವಾಗಿಲ್ಲ, ಎದ್ದು ಬನ್ನಿ.