ಗೌಡರ ಹೆಸರು ಶಾಸನಗಳಲ್ಲಿ

ಪ್ರಶ್ನೆ: ನಮ್ಮಲ್ಲಿ ಇಷ್ಟೊಂದು ಜನರ ಹೆಸರಿನ ಕೊನೆಗೆ ‘ಗೌಡ’ ಇದೆ. ಹಳೆಯ ಶಾಸನಗಳಲ್ಲಿ ಈ ಹೆಸರು ಕಾಣುವುದಿಲ್ಲವೇಕೆ?

ಕಾಣುತ್ತದೆ, ಬೇರೆ ರೂಪದಲ್ಲಿ. ಹಳೆಯ ಕಲ್ಬರಹಗಳಲ್ಲಿ ಅದು ‘ಗಾಮುಂಡ’. ‘ಗ್ರಾಮ’ ಬಾಯಿಮಾತಿನಲ್ಲಿ ‘ಗಾಮ’ವಾಗಿತ್ತು, ಗಾಮುಂಡ ಎಂದರೆ ಊರಿನ ಮುಖ್ಯಸ್ಥ. ಮುಂದೆ ನಡುವಿನ ‘ಮ’ ಸಡಿಲಗೊಂಡು ‘ವ’ ಆಯಿತು: ಗಾವುಂಡ. ಆಮೇಲೆ ಸೊನ್ನೆ ಬಿತ್ತು: ಗವುಡ, ಗೌಡ. ಹೊಳೆಯಲ್ಲಿ ಉರುಳುವ ಕಲ್ಲಿನ ಅಂಚು ಸವೆದು ನುಣುಪಾಗುವಂತೆ, ದಿನವೂ ಬಳಸುವ ಮಾತು ನಾಲಗೆಯ ಮೇಲೆ ಸವೆಯುತ್ತದೆ. ತಮಿಳುನಾಡಿನ ಕೊಂಗು ಸೀಮೆಯ ‘ಕೌಂಡರ್’ ಹೆಸರಿನಲ್ಲಿ ಆ ಸೊನ್ನೆ ಇಂದಿಗೂ ಉಳಿದಿದೆ.

ಆಗ ಅದು ಮನೆತನದ ಹೆಸರಲ್ಲ, ಹುದ್ದೆ. ಕಂದಾಯ ಕೂಡಿಸುವುದು, ನ್ಯಾಯ ಹೇಳುವುದು, ದನಗಳ್ಳರು ಬಂದರೆ ಎದುರು ನಿಲ್ಲುವುದು ಗಾವುಂಡನ ಹೊಣೆ. ಊರಿಗೆ ಊರ್ಗಾವುಂಡ, ನಾಡಿಗೆ ನಾಳ್ಗಾವುಂಡ. ಗಂಡಸರೇ ಇರಬೇಕೆಂದೂ ಇರಲಿಲ್ಲ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನವನ್ನು ಇಲ್ಲಿ ನೆನೆಯಲೇಬೇಕು: 10ನೇ ಶತಮಾನದ ಆರಂಭದಲ್ಲಿ ನಾಗರಖಂಡದ ನಾಳ್ಗಾವುಂಡ ತೀರಿಕೊಂಡಾಗ, ರಾಷ್ಟ್ರಕೂಟರ ಆಡಳಿತ ಆ ಹುದ್ದೆಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೇ ಕೊಟ್ಟಿತು. ಆಕೆ ಸಮರ್ಥವಾಗಿ ನಾಡನ್ನು ಆಳಿದಳೆಂದು ಕಲ್ಲು ಮೆಚ್ಚಿ ಹೇಳುತ್ತದೆ. ನಮ್ಮ ಪಠ್ಯಗಳಲ್ಲಿ ಆಕೆಗೆ ಇನ್ನೂ ದೊಡ್ಡ ಜಾಗ ಸಿಗಬೇಕು.

ಹುದ್ದೆ ಅಪ್ಪನಿಂದ ಮಗನಿಗೆ ಬರತೊಡಗಿದ ಮೇಲೆ ಬಿರುದು ಮನೆಗೇ ಅಂಟಿಕೊಂಡಿತು. ಯಲಹಂಕದ ಕೆಂಪೇಗೌಡರ ಕಾಲಕ್ಕೆ, ಅಂದರೆ 16ನೇ ಶತಮಾನಕ್ಕೆ, ಅದು ಹೆಸರಿನೊಳಗೇ ಬೆರೆತಿತ್ತು. ಶಾಲೆಯ ದಾಖಲಾತಿ, ಪಹಣಿಗಳು ಬಂದ ಮೇಲೆ ಹುದ್ದೆಯಿಲ್ಲದವರ ಹೆಸರಿನಲ್ಲೂ ಅದು ಕಾಯಂ ಆಯಿತು.